ಕಪ್ಪು ಹೊಗೆ, ಕಾಣದ ಹೊಗೆ ಮತ್ತು ಮಾವನ ಲಾರಿ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆಗಿದ್ದವು. ಆಫೀಸಿನಲ್ಲಿ ರಿಲೀಸು, ರೂಮಿನಲ್ಲಿ ಸೋಮಾರಿತನ... ಕಾರಣಕ್ಕೇನು ಬರ? ಈ ಸಲ ಬರೆಯಲೇಬೇಕು ಅನ್ನಿಸಿದ್ದು ಒಂದು ತಗಡಿನ ತುಂಡಿನಿಂದ. ಅಂಗೈಗಿಂತ ಸಣ್ಣದು, ಎರಡು ಬೋಲ್ಟಿನ ತೂತು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಆರು ತಿಂಗಳು ಅದು ನಮ್ಮ ಮಾವನ ಲಾರಿಯ ಇಂಜಿನ್ನಿನಲ್ಲಿ ಕೂತಿತ್ತು.

ಮಾವ ಅಂದರೆ ಅಮ್ಮನ ತಮ್ಮ. ಊರು ಹೊಸದುರ್ಗ. 2018ರ ಮಾಡೆಲ್ಲಿನ, ಕೆಎ-16 ನಂಬರಿನ ಒಂದೇ ಒಂದು ಲಾರಿ. ಅವರೇ ಓನರು, ಅವರೇ ಡ್ರೈವರು. ತೆಂಗಿನಕಾಯಿ, ಕೊಬ್ಬರಿ, ಸೀಸನ್ ಬಂದರೆ ಈರುಳ್ಳಿ ಲೋಡು. ಕಳೆದ ವರ್ಷ ಒಂದು ದಿನ ಹಿರಿಯೂರಿನಿಂದ ದುರ್ಗದ ಕಡೆ ಬರುವಾಗ ಕುಂಚಿಗನಾಳ್ ಕಣಿವೆಯ ಏರಿನಲ್ಲಿ ಗಾಡಿ ಎಳೆಯದೆ ಹೋಯಿತಂತೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬರುತ್ತಿದ್ದ ಬಸ್ಸೇ ಕಾಣದಷ್ಟು ಕರೀ ಹೊಗೆ. ದಾರಿಬದಿಯ ಗ್ಯಾರೇಜಿನ ಹುಡುಗನೊಬ್ಬ ನೋಡಿ, "ಇ.ಜಿ.ಆರ್. ಹೋಗಿದೆ ಅಣ್ಣ" ಅಂದು, ಎರಡು ಬೋಲ್ಟು ಬಿಚ್ಚಿ, ತಗಡು ಕತ್ತರಿಸಿ ಅಡ್ಡ ಇಟ್ಟ. ಹೊಗೆ ಮಾಯ! ಅರ್ಧ ಗಂಟೆ ಕೆಲಸ. ಮಾವ ಖುಷಿಯಾಗಿ ಹೊರಟರು.

ಆರು ತಿಂಗಳ ಮೇಲೆ ಎಫ್.ಸಿ. ಹತ್ತಿರ ಬಂದಾಗ ಅವರಿಗೆ ಅಳುಕು ಶುರುವಾಗಿ ನನಗೆ ಫೋನ್ ಮಾಡಿದರು. "ಏನೋ ಇಂಜಿನಿಯರ್, ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದೀಯಲ್ಲ, ಈ ಇ.ಜಿ.ಆರ್. ಅಂದ್ರೆ ಏನು? ಮುಚ್ಚಿಸಿದ್ದು ತಪ್ಪಾ?" ಮೆಕ್ಯಾನಿಕಲ್ ಓದಿ ಜಾವಾ ಬರೆದು ಹೊಟ್ಟೆ ಹೊರೆಯುವವನಿಗೆ ಇದಕ್ಕಿಂತ ಮುಜುಗರದ ಪ್ರಶ್ನೆ ಇನ್ನೊಂದಿಲ್ಲ :) ಪರೀಕ್ಷೆಗೆ ಬರೆದ ಉತ್ತರ ನೆನಪಿತ್ತು. ಆದರೆ ಈ ಸಾಮಾನು ಅಲ್ಲಿಗೆ ಯಾಕೆ ಬಂತು, ಯಾರು ತಂದರು, ನಮ್ಮ ಹೈವೇ ಗ್ಯಾರೇಜುಗಳು ಅದನ್ನು ಯಾಕೆ ಮುಚ್ಚುತ್ತವೆ ಅನ್ನುವುದು ಯಾವ ಸೆಮಿಸ್ಟರಿನಲ್ಲೂ ಬಂದಿರಲಿಲ್ಲ. ಆಮೇಲೆ ಹುಡುಕಿ ಓದಿದ್ದು, ಗ್ಯಾರೇಜಿನಲ್ಲಿ ನಿಂತು ಕಲಿತದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯನ್ನು ಲಾರಿ ಬಿಟ್ಟು ಯೋಚಿಸುವುದೇ ಕಷ್ಟ. ಬೆಂಗಳೂರು-ಹುಬ್ಬಳ್ಳಿ ರೈಲು ಹೊಳಲ್ಕೆರೆ ತಾಲೂಕಿನ ಚಿಕ್ಕಜಾಜೂರಿನ ಮೇಲೆ ಹೋಗುತ್ತದೆ. ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕೆ ಸಿಕ್ಕಿದ್ದು ಅಲ್ಲಿಂದ ಒಡೆದ ಕವಲು ಹಳಿ. ಹಿರಿಯೂರಿನವರಂತೂ ರೈಲಿಗಾಗಿ ಕಾದು ಕೂತವರು. ಆದರೆ ರಸ್ತೆಯ ವಿಷಯಕ್ಕೆ ಬಂದರೆ ನಾವು ಶ್ರೀಮಂತರು. ಮುಂಬೈ ಕಡೆಯಿಂದ ಬೆಂಗಳೂರಿಗೆ ಬರುವ ಎನ್.ಎಚ್. 4, ಸೊಲ್ಲಾಪುರದಿಂದ ಇಳಿದು ಬರುವ ಎನ್.ಎಚ್. 13, ಎರಡೂ ಸೇರುವುದು ದುರ್ಗದಲ್ಲೇ. 2010ರಲ್ಲಿ ನಂಬರು ಬದಲಾಗಿ 48 ಮತ್ತು 50 ಆದವು. ನಮ್ಮ ಕಡೆ ಇನ್ನೂ ಎನ್.ಎಚ್. ಫೋರ್ ಅಂತಲೇ ಅನ್ನುತ್ತಾರೆ. ಬಳ್ಳಾರಿ, ಚಳ್ಳಕೆರೆ ಕಡೆಯಿಂದ ಬರುವ ರಸ್ತೆ ಹಿರಿಯೂರಿನಲ್ಲಿ ಇದನ್ನು ದಾಟಿ ಹುಳಿಯಾರು, ಮೈಸೂರು ಕಡೆ ಹೋಗುತ್ತದೆ. ಇಷ್ಟು ರಸ್ತೆ ಕೂಡುವ ಕಡೆ ಪಂಕ್ಚರ್ ಅಂಗಡಿ, ಬಾಡಿ ಕಟ್ಟುವವರು, ಪಂಪು ಕೆಲಸದವರು ಬೆಳೆಯದೆ ಇನ್ನೆಲ್ಲಿ ಬೆಳೆಯುತ್ತಾರೆ?

ಈ ಗ್ಯಾರೇಜುಗಳಿಗೆ ಒಂದು ಭಾಷೆ ಇದೆ, ಹೊಗೆಯ ಭಾಷೆ. ಜೆಮ್‌ಶೆಡ್‌ಪುರದಲ್ಲಿ ಟಾಟಾದವರು ಬೆಂಜ್ ಕಂಪನಿ ಜೊತೆ ಸೇರಿ 1954ರಲ್ಲಿ ಲಾರಿ ಮಾಡಲು ಶುರು ಮಾಡಿದರು. ಮದರಾಸಿನ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಅಲ್ಲಿಂದಾಚೆ ನಮ್ಮ ರಸ್ತೆಗಳಲ್ಲಿ ಪೆಟ್ರೋಲ್ ಲಾರಿಗಳು ಕಮ್ಮಿಯಾಗುತ್ತಾ ಡೀಸೆಲ್ ಬಂತು. ಡೀಸೆಲ್ ಇಂಜಿನ್ನಿನ ಪ್ರಾಣ ಇರುವುದು ಪಂಪು ಮತ್ತು ನಾಝಲ್ಲಿನಲ್ಲಿ. ಅವೆರಡನ್ನೂ ಮಾಡುತ್ತಿದ್ದದ್ದು ನಮ್ಮ ಬೆಂಗಳೂರಿನಲ್ಲೇ ಇದ್ದ ಮೈಕೋ. 1951ರಲ್ಲಿ ಶುರುವಾದ ಕಂಪನಿ, 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿತು. ನಮ್ಮ ತಾತ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಸ್ಕ್ಯಾನರ್ ಇಲ್ಲ, ಸೆನ್ಸಾರ್ ಇಲ್ಲ. ಮೇಸ್ತ್ರಿ ಸೈಲೆನ್ಸರ್ ಹಿಂದೆ ಹೋಗಿ ನಿಲ್ಲುತ್ತಿದ್ದ. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಎಣ್ಣೆ ಜಾಸ್ತಿ ಬೀಳುತ್ತಿದೆ. ನೀಲಿ ಬಂದರೆ ಆಯಿಲ್ ಸುಡುತ್ತಿದೆ, ರಿಂಗು ಹೋಗಿದೆ. ಬಿಳಿ ಬಂದರೆ ಡೀಸೆಲ್ ಉರಿಯದೇ ಆಚೆ ಬರುತ್ತಿದೆ ಅಥವಾ ಒಳಗೆಲ್ಲೋ ನೀರು ಸೇರಿದೆ. ಅವರ ಪಾಲಿಗೆ ಸೈಲೆನ್ಸರ್ ತುದಿಯೇ ಡ್ಯಾಶ್‌ಬೋರ್ಡು.

ಇದೇ ಭಾಷೆಯೊಳಗೆ ಒಂದು ಕಳ್ಳದಾರಿಯೂ ಇತ್ತು. ಕಂಪನಿಯವರು ಪಂಪಿನಿಂದ ಎಷ್ಟು ಎಣ್ಣೆ ಬೀಳಬೇಕು ಅಂತ ಸ್ಕ್ರೂ ಸೆಟ್ ಮಾಡಿ ಸೀಲು ಹಾಕಿ ಕಳಿಸುತ್ತಿದ್ದರು. ಓವರ್‌ಲೋಡ್ ಹೊಡೆಯುವವರು ಆ ಸೀಲು ಒಡೆಸಿ ಪಂಪು ಏರಿಸುತ್ತಿದ್ದರು. ಎಳೆತ ಬರುತ್ತಿತ್ತು, ಜೊತೆಗೆ ಹೊಗೆಯೂ. ಆಗ ಹೊಗೆಗೆ ಯಾರ ಅಭ್ಯಂತರವೂ ಇರಲಿಲ್ಲ. ಈ ಪಂಪಿನ ಸೀಲನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಹೊಗೆಗೆ ಕಾನೂನು ಬಂದದ್ದು ನಿಧಾನವಾಗಿ. 1988ರ ಮೋಟಾರು ವಾಹನ ಕಾಯ್ದೆ, ಅದರ ಹಿಂದೆಯೇ 1989ರ ಕೇಂದ್ರ ನಿಯಮಗಳು. ದಿಲ್ಲಿಯ ಗಾಳಿಯ ಬಗ್ಗೆ ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಕೇಸು ವರ್ಷಗಟ್ಟಲೆ ನಡೆದು ಸರ್ಕಾರಗಳನ್ನು ತಿವಿಯುತ್ತಲೇ ಇತ್ತು. ಇಲ್ಲಿ ಒಂದು ಸೂಕ್ಷ್ಮ ಇದೆ. ರಸ್ತೆಯಲ್ಲಿ ಓಡುವ ಡೀಸೆಲ್ ಗಾಡಿಗೆ ಇಟ್ಟ ಪರೀಕ್ಷೆ ಹೊಗೆ ಎಷ್ಟು ಕಪ್ಪಗಿದೆ ಅನ್ನುವುದು ಮಾತ್ರ. ನ್ಯೂಟ್ರಲ್ಲಿನಲ್ಲಿ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸೈಲೆನ್ಸರಿಗೆ ಕೊಳವೆ ಇಟ್ಟು, ಹೊಗೆಯೊಳಗೆ ಬೆಳಕು ಎಷ್ಟು ತೂರುತ್ತದೆ ಅಂತ ಅಳೆಯುತ್ತಾರೆ. ಮೇಸ್ತ್ರಿ ಕಣ್ಣಲ್ಲಿ ನೋಡುತ್ತಿದ್ದದ್ದನ್ನೇ ಮೆಷಿನ್ ಮಾಡುತ್ತದೆ, ಅಷ್ಟೇ. ಹಳೆ ಗಾಡಿಗಳಿಗೆ ಮಿತಿ 2.45, ಬಿಎಸ್-4 ಗಾಡಿಗೆ 1.62.

ಆದರೆ ಕಾಣದ ಹೊಗೆಯ ಕಥೆ ಬೇರೆ. ಅದು ಶುರುವಾದದ್ದು ನಮ್ಮಿಂದ ಬಹು ದೂರದ ಲಾಸ್ ಏಂಜಲೀಸಿನಲ್ಲಿ. ಅಲ್ಲಿ 1940ರ ದಶಕದಲ್ಲಿ ಕಣ್ಣು ಉರಿಸುವ ಮಂಜು ಕವಿಯಲು ಶುರುವಾಯಿತು. ಅದು ಕಾರ್ಖಾನೆಯ ಮಸಿ ಅಲ್ಲ, ವಾಹನ ಮತ್ತು ಎಣ್ಣೆ ಶುದ್ಧೀಕರಣದಿಂದ ಬರುವ ಅನಿಲಗಳು ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತಿವೆ ಅಂತ 1950ರ ದಶಕದ ಆರಂಭದಲ್ಲಿ ತೋರಿಸಿದವರು ಆರಿ ಹಾಗನ್-ಸ್ಮಿತ್ ಅನ್ನುವ ರಸಾಯನ ವಿಜ್ಞಾನಿ. ಆ ಅನಿಲಗಳಲ್ಲಿ ಮುಖ್ಯವಾದದ್ದು ನೈಟ್ರೋಜನ್ ಆಕ್ಸೈಡುಗಳು, ಇಂಜಿನಿಯರುಗಳ ಬಾಯಲ್ಲಿ ನಾಕ್ಸ್. ತಮಾಷೆ ಅಂದರೆ ಇದು ಕೆಟ್ಟ ಇಂಜಿನ್ನಿನ ರೋಗ ಅಲ್ಲ, ಚೆನ್ನಾಗಿ ಉರಿಯುವ ಇಂಜಿನ್ನಿನ ರೋಗ. ಸಿಲಿಂಡರಿನೊಳಗೆ ಉರಿ ಸುಮಾರು 1,600 ಡಿಗ್ರಿ ದಾಟಿದರೆ ಗಾಳಿಯಲ್ಲಿ ಸುಮ್ಮನಿರುವ ನೈಟ್ರೋಜನ್ನೂ ಆಮ್ಲಜನಕದ ಜೊತೆ ಸೇರಿಕೊಳ್ಳುತ್ತದೆ. ಸೈಲೆನ್ಸರಿನಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಶ್ವಾಸಕೋಶಕ್ಕೆ ಗೊತ್ತಾಗುತ್ತದೆ.

ಉಪಾಯ ಏನು? ಉರಿಯನ್ನು ತಣಿಸುವುದು. ಒಮ್ಮೆ ಉರಿದು ಆಚೆ ಹೋಗುವ ಹೊಗೆಯಲ್ಲಿ ಸ್ವಲ್ಪ ಭಾಗವನ್ನು ಹಿಡಿದು, ತಣ್ಣಗೆ ಮಾಡಿ, ಒಳಗೆ ಹೋಗುವ ಹೊಸ ಗಾಳಿಗೆ ಬೆರೆಸುವುದು. ಅದರಲ್ಲಿ ಆಮ್ಲಜನಕ ಕಮ್ಮಿ, ಹಾಗಾಗಿ ಉರಿಯ ಬಿಸಿ ಇಳಿಯುತ್ತದೆ, ನಾಕ್ಸ್ ಕಮ್ಮಿಯಾಗುತ್ತದೆ. ಉಂಡ ಎಲೆಯಲ್ಲೇ ಮತ್ತೆ ಬಡಿಸಿದ ಹಾಗೆ. ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಷನ್ ಅಂತ ಉದ್ದದ ಹೆಸರಿಟ್ಟಿದ್ದಾರೆ. ದುರ್ಗದ ಮೇಸ್ತ್ರಿ ಇದಕ್ಕೆ ಹೇಳಿದ ಹೆಸರು ನನಗೆ ಬಹಳ ಹಿಡಿಸಿತು: "ಹೊಗೆ ವಾಪಸ್ ಕುಡಿಸೋದು". ಅಮೆರಿಕದ ಪೆಟ್ರೋಲ್ ಕಾರುಗಳಿಗೆ ಇದು 1970ರ ದಶಕದಲ್ಲೇ ಬಂತು. ದೊಡ್ಡ ಡೀಸೆಲ್ ಲಾರಿಗಳಿಗೆ ಅಲ್ಲಿ ವ್ಯಾಪಕವಾಗಿ ಬಂದದ್ದು 2002ರಲ್ಲಿ. ಅದರ ಹಿಂದೆ ಒಂದು ಕಥೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲೊಂದು ಕೊಕ್ಕೆ. ಉರಿ ತಣಿಸಿದರೆ ನಾಕ್ಸ್ ಇಳಿಯುತ್ತದೆ, ಆದರೆ ಮಸಿ ಏರುತ್ತದೆ. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ. ಅದೂ ಅಲ್ಲದೆ ಹೊಗೆ ವಾಪಸ್ ಹೋಗುವ ದಾರಿಯಲ್ಲೆಲ್ಲ ಮಸಿ ಕಟ್ಟುತ್ತದೆ. ಡೀಸೆಲ್ಲಿನಲ್ಲಿ ಗಂಧಕ ಇದ್ದರೆ ತಣ್ಣಗಾದ ಹೊಗೆಯಲ್ಲಿ ಆಮ್ಲವಾಗಿ ಕೂಲರನ್ನೇ ತಿನ್ನುತ್ತದೆ. ನಮ್ಮಲ್ಲಿ ಡೀಸೆಲ್ಲಿನ ಗಂಧಕ ಬಿಎಸ್-2 ಕಾಲದಲ್ಲಿ ಹತ್ತು ಲಕ್ಷದಲ್ಲಿ 500 ಪಾಲು, ಬಿಎಸ್-3ರಲ್ಲಿ 350, ಬಿಎಸ್-4ರಲ್ಲಿ 50, ಈಗಿನ ಬಿಎಸ್-6ರಲ್ಲಿ 10. ಅಂದರೆ ಇಂಜಿನ್ ಬದಲಾಗುವ ಮೊದಲು ಎಣ್ಣೆ ಬದಲಾಗಬೇಕಿತ್ತು. ಭಾರೀ ವಾಹನದ ನಾಕ್ಸ್ ಮಿತಿಯನ್ನೂ ನೋಡಿ. 1996ರಲ್ಲಿ ಒಂದು ಕಿಲೋವಾಟ್ ಗಂಟೆಗೆ 14.4 ಗ್ರಾಂ ಇತ್ತು. 2000ದಲ್ಲಿ 8, ಬಿಎಸ್-2ರಲ್ಲಿ 7, ಬಿಎಸ್-3ರಲ್ಲಿ 5, ಬಿಎಸ್-4ರಲ್ಲಿ 3.5, 2020ರ ಬಿಎಸ್-6ರಲ್ಲಿ 0.46ಕ್ಕೆ ಇಳಿಯಿತು. ಒಬ್ಬ ಮೇಸ್ತ್ರಿಯ ಅರ್ಧ ಆಯುಷ್ಯದೊಳಗೆ ಇಷ್ಟೂ ನಡೆದುಹೋಯಿತು.

ಬಿಎಸ್-3 ದೇಶಕ್ಕೆಲ್ಲ ಬಂದದ್ದು 2010ರಲ್ಲಿ. ಆ ವರ್ಷ ನಮ್ಮ ಮಾವನಿಗೆ ಮರೆಯುವಂಥದ್ದಲ್ಲ. ಅವರು ಸಾಲ ಮಾಡಿ ಮೊದಲ ಲಾರಿ ತೆಗೆದದ್ದು ಆಗಲೇ, ಅದಿರು ಹೊಡೆಯುವುದಕ್ಕೆ. ಭೀಮಸಮುದ್ರದ ಕಡೆಯ ಗಣಿಗಳು, ಹೊಸದುರ್ಗ-ಹೊಳಲ್ಕೆರೆ ಸುತ್ತಿನ ಗುಡ್ಡಗಳು, ಕೆಂಪು ಧೂಳು. ರಸ್ತೆಬದಿಯ ಅಡಿಕೆ ತೋಟದ ಗರಿಗಳೂ ಕೆಂಪು. ನಾನಾಗ ಹೈಸ್ಕೂಲಿಗೂ ಬಂದಿರಲಿಲ್ಲ, ರಜೆಗೆ ಹೋದಾಗ ಮಾವನ ಅಂಗಿ ಒಗೆದ ನೀರು ರಕ್ತದ ಹಾಗೆ ಕಾಣುತ್ತಿದ್ದದ್ದು ನೆನಪು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್ 26ಕ್ಕೆ ಅದೇ ಆದೇಶ ಚಿತ್ರದುರ್ಗ, ತುಮಕೂರಿಗೂ ಬಂತು. ಅಕ್ರಮ ಗಣಿ ನಿಲ್ಲಬೇಕಿತ್ತು, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಮನೆ ಮುಂದೆ ನಿಂತ ಲಾರಿಗೆ ಕಂತು ನಿಲ್ಲುವುದಿಲ್ಲವಲ್ಲ. 2013ರಲ್ಲಿ ಕೋರ್ಟು ಷರತ್ತಿನ ಮೇಲೆ ಕೆಲವು ಗಣಿಗಳಿಗೆ ಮತ್ತೆ ಒಪ್ಪಿಗೆ ಕೊಡುವ ಹೊತ್ತಿಗೆ ಮಾವನ ಲಾರಿ ಫೈನಾನ್ಸಿನವರ ಯಾರ್ಡಿನಲ್ಲಿತ್ತು. ಅತ್ತೆಯ ಬಳೆಗಳೂ ಹೋಗಿದ್ದವು. ಅದಕ್ಕೇ ಈಗಿನ ಲಾರಿ ಕೆಮ್ಮಿದರೂ ಅವರಿಗೆ ನಿದ್ದೆ ಬರುವುದಿಲ್ಲ. ಹೊಗೆ ನಿಲ್ಲಿಸಿಕೊಟ್ಟ ಹುಡುಗನನ್ನು ಅವರು ದೇವರ ಹಾಗೆ ಕಂಡರೆ ಆಶ್ಚರ್ಯ ಏನು?

ಮತ್ತೆ ಹಳಿಗೆ ಬರೋಣ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು, ಏಪ್ರಿಲ್ 1ರಿಂದ ಬಿಎಸ್-3 ಗಾಡಿ ಮಾರುವಂತಿಲ್ಲ ಅಂತ ಹೇಳಿಬಿಟ್ಟಿತು. ಮೂರೇ ದಿನ! ಶೋರೂಮುಗಳಲ್ಲಿ ಸಂತೆ ನೆರೆದದ್ದು ನಿಮಗೂ ನೆನಪಿರಬಹುದು. ಬಿಎಸ್-4ರ ನಾಕ್ಸ್ ಮಿತಿ ಮುಟ್ಟಲು ಲಾರಿ ಕಂಪನಿಗಳ ಮುಂದೆ ಎರಡು ದಾರಿ ಇದ್ದವು. ಒಂದು, ಯೂರಿಯಾ ನೀರನ್ನು ಸೈಲೆನ್ಸರಿನೊಳಗೆ ಸಿಂಪಡಿಸಿ ನಾಕ್ಸನ್ನು ಅಲ್ಲೇ ಮುರಿಯುವುದು, ಅಂದರೆ ಎಸ್.ಸಿ.ಆರ್. ಇನ್ನೊಂದು ಹೊಗೆ ವಾಪಸ್ ಕುಡಿಸುವುದು. ಹಲವು ದೊಡ್ಡ ಲಾರಿಗಳು ಮೊದಲನೆಯದಕ್ಕೆ ಹೋದವು. ಅಶೋಕ್ ಲೇಲ್ಯಾಂಡ್ 2017ರಲ್ಲಿ ಐ-ಇ.ಜಿ.ಆರ್. ಅಂತ ಎರಡನೆಯದನ್ನು ಮುಂದಿಟ್ಟಿತು, ಯೂರಿಯಾ ತುಂಬಿಸುವ ತಾಪತ್ರಯ ಇಲ್ಲ ಅಂತ. ಮಾವನ ಲಾರಿ (ಯಾವ ಕಂಪನಿಯದು ಅಂತ ಹೇಳುವುದಿಲ್ಲ) ಇ.ಜಿ.ಆರ್. ಇದ್ದದ್ದು.

ಫೋನ್ ಬಂದ ವಾರದ ಕೊನೆಗೆ ಬಸ್ ಹತ್ತಿದೆ. ಚಿತ್ರದುರ್ಗದ ಮೇದೇಹಳ್ಳಿ ರಸ್ತೆಯ ಕಡೆ ಮಾವನಿಗೆ ಗೊತ್ತಿದ್ದ ಹಳೇ ಮೇಸ್ತ್ರಿಯೊಬ್ಬರಿದ್ದರು. ಅರವತ್ತು ದಾಟಿದವರು. ನಾನು ಮೊಬೈಲಿನಲ್ಲಿ ಸರ್ಕ್ಯೂಟ್ ಚಿತ್ರ ತೆಗೆದು ನಿಂತಿದ್ದೆ. ಅವರು ಅದನ್ನು ನೋಡಲೂ ಇಲ್ಲ, ಮೊದಲು ಆ ತಗಡು ಬಿಚ್ಚಿಸಿದರು. "ಇದು ಔಷಧಿ ಅಲ್ಲಪ್ಪಾ, ಪರೀಕ್ಷೆ," ಅಂದರು. ಅಂದರೆ, ತಗಡು ಇಡುವುದೇ ತಪ್ಪಲ್ಲ. ತಗಡು ಇಟ್ಟಾಗ ಹೊಗೆ ನಿಂತು ಎಳೆತ ಬಂದರೆ, ವಾಲ್ವು ತೆರೆದೇ ಸಿಕ್ಕಿಕೊಂಡಿದೆ ಅಂತ ಗೊತ್ತಾಗುತ್ತದೆ. ಗೊತ್ತಾದ ಮೇಲೆ ತಗಡು ತೆಗೆದು ಕೆಲಸ ಶುರು ಮಾಡಬೇಕು. ಆ ಹುಡುಗ ಪರೀಕ್ಷೆಯನ್ನೇ ಔಷಧಿ ಮಾಡಿ ಕಳಿಸಿದ್ದ. ನಾವೂ ಮಾಡುತ್ತೇವಲ್ಲ, ತೊಂದರೆ ಎಲ್ಲಿದೆ ನೋಡೋಣ ಅಂತ ನಾಲ್ಕು ಸಾಲು ಕೋಡನ್ನು ಕಾಮೆಂಟ್ ಮಾಡಿ, ಓಡಿತು ಅಂತ ಹಾಗೇ ಪ್ರೊಡಕ್ಷನ್ನಿಗೆ ಕಳಿಸಿಬಿಡುವುದು... ಕೈ ಎತ್ತಿ ನೋಡೋಣ :)

ತಗಡು ತೆಗೆದು ಇಂಜಿನ್ ಓಡಿಸಿದರು. ಹಳೇ ಕರೀ ಹೊಗೆ ವಾಪಸ್. ಆಕ್ಸಿಲರೇಟರ್ ಒತ್ತಲು ನನಗೆ ಹೇಳಿ ಅವರು ವಾಲ್ವಿನ ಕಡ್ಡಿ ನೋಡುತ್ತಾ ನಿಂತರು. ಕಡ್ಡಿ ಹೋಗಿ ಬಂದು ಮಾಡುತ್ತಿತ್ತು. ಅಂದರೆ ಕಂಪ್ಯೂಟರಿನಿಂದ ಹೇಳಿಕೆ ಬರುತ್ತಿದೆ, ವೈರು ಸರಿ ಇದೆ, ಒಳಗಿನ ಬಾಗಿಲು ಮಾತ್ರ ಪೂರ್ತಿ ಮುಚ್ಚುತ್ತಿಲ್ಲ. ವಾಲ್ವು ಬಿಚ್ಚಿದಾಗ ಕಂಡದ್ದು ಗಟ್ಟಿ ಮಸಿ, ದೋಸೆ ಹಂಚಿನ ಅಂಚಿನಲ್ಲಿ ಕಟ್ಟುತ್ತದಲ್ಲ, ಹಾಗೆ. ಬಾಗಿಲು ಕೂರುವ ಜಾಗವೇ ಇರಲಿಲ್ಲ.

ನಾನಾಗಿದ್ದರೆ ಅಲ್ಲಿಗೆ ಮುಗಿಸುತ್ತಿದ್ದೆ: ಕ್ಲೀನ್ ಮಾಡು, ಹಾಕು, ಹೊರಡು. ಮೇಸ್ತ್ರಿ ಬಿಡಲಿಲ್ಲ. "ಮಸಿ ಯಾಕೆ ಇಷ್ಟು ಬಂತು ಅಂತ ಕೇಳಲ್ವಾ?" ಅಂದರು. ಏರ್ ಫಿಲ್ಟರ್ ನೋಡಿದರು, ಸರಿ ಇತ್ತು. ಆಮೇಲೆ ಒಂದು ಮಗ್ಗಿನಲ್ಲಿ ಸೋಪಿನ ನೀರು ಕಲಸಿ ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನ ಮೇಲೆಲ್ಲ ಸುರಿದು, ರೇಸ್ ಮಾಡು ಅಂದರು. ಕ್ಲಾಂಪಿನ ಕೆಳಗೆ, ಕಣ್ಣಿಗೆ ಬೀಳದ ಕಡೆ, ಗುಳುಗುಳು ಅಂತ ಗುಳ್ಳೆ! ಹೋಸು ಸೀಳಿತ್ತು. ಟರ್ಬೋ ಕೊಡುವ ಗಾಳಿ ಇಂಜಿನ್ನಿಗೆ ಹೋಗದೆ ಆಚೆ ಸೋರುತ್ತಿತ್ತು. ಗಾಳಿ ಕಮ್ಮಿ, ಅದಕ್ಕೆ ಮಸಿ ಜಾಸ್ತಿ, ಆ ಮಸಿ ವಾಪಸ್ ಹೋಗುವ ದಾರಿಯಲ್ಲಿ ಕಟ್ಟಿ ವಾಲ್ವನ್ನು ಹಿಡಿದುಹಾಕಿತ್ತು. ವಾಲ್ವು ತೆರೆದೇ ಉಳಿದದ್ದಕ್ಕೆ ಗಾಳಿ ಇನ್ನೂ ಕಮ್ಮಿ, ಮಸಿ ಇನ್ನೂ ಜಾಸ್ತಿ. ಸುತ್ತಿಕೊಂಡ ಹಾವು. ತಗಡು ಹಾಕಿದಾಗ ಹೊಗೆ ನಿಂತಿತು, ಆದರೆ ಹೋಸು ಹಾಗೇ ಸೋರುತ್ತಿತ್ತು. ಆರು ತಿಂಗಳು ಡೀಸೆಲ್ ಅವರೇಜ್ ಕಮ್ಮಿ ಬರುತ್ತಿದೆ ಅಂತ ಮಾವ ಗೊಣಗುತ್ತಿದ್ದದ್ದು ಇದಕ್ಕೇ. ಹೋಸಿಗೆ ಕೊಟ್ಟ ದುಡ್ಡು ಕಾಲು ಟ್ಯಾಂಕ್ ಡೀಸೆಲ್ಲಿಗೂ ಸಮ ಇರಲಿಲ್ಲ.

ಕೂಲರನ್ನೂ ಬಿಚ್ಚಿ, ನೀರಿನ ದಾರಿಗೆ ಗಾಳಿ ಬಿಟ್ಟು, ತೊಟ್ಟಿಯಲ್ಲಿ ಮುಳುಗಿಸಿ ನೋಡಿದರು. ಗುಳ್ಳೆ ಬರಲಿಲ್ಲ, ಬಚಾವ್. ಅದು ತೂತಾಗಿದ್ದರೆ ರೇಡಿಯೇಟರ್ ನೀರು ಇಂಜಿನ್ನಿಗೆ ಇಳಿದು ಬಿಳಿ ಹೊಗೆ ಬರುತ್ತಿತ್ತು, ಖರ್ಚೂ ಬೇರೆ ಲೆಕ್ಕದ್ದಾಗುತ್ತಿತ್ತು. ವಾಲ್ವನ್ನು ನೆನೆಹಾಕಿ, ಮಸಿ ಕೆರೆದು, ಹೊಸ ಪ್ಯಾಕಿಂಗ್ ಹಾಕಿ ಕೂರಿಸುವ ಹೊತ್ತಿಗೆ ಸಂಜೆ. ಎಂಜಿನಿಯರಿಂಗಿನ ಎಂಟು ಸೆಮಿಸ್ಟರಿನಲ್ಲಿ ಕಲಿಯದ್ದನ್ನು ಒಂದು ಮಗ್ ಸೋಪಿನ ನೀರು ಕಲಿಸಿತು.

ಈಗ ಆ ಕಾನೂನಿನ ಸೂಕ್ಷ್ಮಕ್ಕೆ ಬರುತ್ತೇನೆ. ತಗಡು ಇದ್ದಾಗಲೇ ಮಾವ ಹೊಗೆ ಪರೀಕ್ಷೆ ಮಾಡಿಸಿದ್ದರು. ಚೀಟಿಯಲ್ಲಿ 0.7. ರಿಪೇರಿ ಆದ ಮೇಲೆ ಮತ್ತೆ ಮಾಡಿಸಿದೆವು, 0.8. ಎರಡೂ ಪಾಸು, ಮಿತಿ 1.62. ತಗಡು ಹಾಕಿ ನಾಕ್ಸನ್ನು ಬೇಕಾದ ಹಾಗೆ ಊರಿಗೆ ಬಿಟ್ಟ ಲಾರಿಗೂ, ಕ್ರಮವಾಗಿ ಸರಿ ಮಾಡಿದ ಲಾರಿಗೂ ಆ ಮೆಷಿನ್ನಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ! ಫ್ಯಾಕ್ಟರಿಯಿಂದ ಆಚೆ ಬರುವ ಮುಂಚೆ ನಾಕ್ಸ್ ಅಳೆಯುತ್ತಾರೆ, ರಸ್ತೆಗೆ ಬಂದ ಮೇಲೆ ಈ ಪರೀಕ್ಷೆಯಲ್ಲಿ ಕಪ್ಪು ಮಾತ್ರ ಲೆಕ್ಕ. ಹಾಗಿದ್ದ ಮೇಲೆ ಹೈವೇ ಗ್ಯಾರೇಜು ತಗಡು ಹಾಕದೆ ಇನ್ನೇನು ಮಾಡುತ್ತದೆ? ಗಿರಾಕಿಗೆ ಹೊಗೆ ಕಾಣಬಾರದು, ಸರ್ಕಾರಕ್ಕೂ ಹೊಗೆ ಕಾಣಬಾರದು. ಎರಡೂ ತಗಡಿನಲ್ಲಿ ಆಗುತ್ತದೆ. ಆ ಹುಡುಗನ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ. ಅವನ ಕೈಗೆ ಯಾರೂ ಕನ್ನಡದಲ್ಲಿ ಒಂದು ಸರ್ವಿಸ್ ಪುಸ್ತಕ ಕೊಟ್ಟಿರಲಿಕ್ಕಿಲ್ಲ. ನಾನಂತೂ ಈವರೆಗೆ ಅಂಥದ್ದು ನೋಡಿಲ್ಲ.

ಬಡ ಮೆಕ್ಯಾನಿಕ್ಕಿನ ತಗಡನ್ನು ಬೈಯುವವರು ದೊಡ್ಡವರ ತಗಡನ್ನೂ ನೋಡಬೇಕು. ಆಗಲೇ ಹೇಳಿದ 2002ರ ಕಥೆ ಇದು. ಅಮೆರಿಕದಲ್ಲಿ ಲಾರಿ ಇಂಜಿನ್ ಮಾಡುವ ಏಳು ಕಂಪನಿಗಳು ಇಂಜಿನ್ನಿನ ಕಂಪ್ಯೂಟರಿನಲ್ಲೇ ಕೈಚಳಕ ತೋರಿಸಿವೆ ಅಂತ ಅಲ್ಲಿನ ಪರಿಸರ ಇಲಾಖೆ ಹೇಳಿತು. ಪರೀಕ್ಷೆಯಲ್ಲಿ ಒಂದು ಲೆಕ್ಕ, ಹೈವೇಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಡೀಸೆಲ್ ಉಳಿಸುವ ಇನ್ನೊಂದು ಲೆಕ್ಕ, ಆಗ ನಾಕ್ಸ್ ಮಿತಿ ಮೀರಿ. ಸುಮಾರು 13 ಲಕ್ಷ ಇಂಜಿನ್ನುಗಳು. 1998ರಲ್ಲಿ 8.34 ಕೋಟಿ ಡಾಲರ್ ದಂಡದ ಒಪ್ಪಂದ ಆಯಿತು, 2004ಕ್ಕೆ ಬರಬೇಕಿದ್ದ ಮಿತಿಯನ್ನು 2002ರ ಅಕ್ಟೋಬರಿಗೇ ಒಪ್ಪಿಕೊಳ್ಳಬೇಕಾಯಿತು. ಅದನ್ನು ಮುಟ್ಟಲು ಹೆಚ್ಚಿನವರು ಹಿಡಿದದ್ದೇ ಕೂಲರ್ ಇರುವ ಇ.ಜಿ.ಆರ್. 2015ರಲ್ಲಿ ಫೋಕ್ಸ್‌ವ್ಯಾಗನ್ ಕಾರುಗಳ ವಿಷಯದಲ್ಲಿ ಮತ್ತೆ ಅದೇ ಜಾತಿಯ ಕಥೆ. ನಮ್ಮ ತಾತನ ಕಾಲದ ಪಂಪಿನ ಸೀಲು, ಆ ಹುಡುಗನ ತಗಡು, ಈ ಸಾಫ್ಟ್‌ವೇರು, ಮೂರೂ ಒಂದೇ ವಂಶ. ಬರೆದವರು ನಮ್ಮ ಕಸುಬಿನವರು ಅನ್ನುವುದೊಂದೇ ನನಗೆ ಚುಚ್ಚುವುದು.

ಮಾವ ಮರುದಿನ ಲೋಡು ಮಾಡಿಕೊಂಡು ಹೊರಟರು, ನಾನು ಹಿರಿಯೂರಿನವರೆಗೆ ಕ್ಯಾಬಿನ್ನಿನಲ್ಲಿ ಕೂತೆ. ಐಮಂಗಲ ದಾಟಿದ ಮೇಲೆ ಟೀ ಕುಡಿಯಲು ನಿಲ್ಲಿಸಿದಾಗ ಟೂಲ್ ಬಾಕ್ಸ್ ತೆರೆದರು. ಸ್ಪ್ಯಾನರುಗಳ ಮಧ್ಯೆ ಆ ತಗಡು ಪೇಪರಿನಲ್ಲಿ ಸುತ್ತಿ ಇಟ್ಟಿತ್ತು. "ಇದ್ಯಾಕೆ ಮಾವ ಇನ್ನೂ?" ಅಂದೆ. "ಇರ್ಲಿ ಬಿಡೋ. ಮಧ್ಯರಾತ್ರಿ ಖಂಬಾಟ್ಕಿ ಘಾಟಿನಲ್ಲಿ ನಿಂತ್ರೆ ನಿನ್ನ ಮೇಸ್ತ್ರಿ ಬರ್ತಾರಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಟೀ ದುಡ್ಡು ನಾನೇ ಕೊಟ್ಟೆ.